ಆರು ಸಿಲಿಂಡರಿನ ಹಸಿವಿಗೆ ಅಳತೆಯ ಮದ್ದು

1974ರ ಚಳಿಗಾಲ. ಅಮೆರಿಕದ ಪೆಟ್ರೋಲ್ ಬಂಕುಗಳ ಮುಂದೆ ಬೆಳಗಾಗುವ ಮೊದಲೇ ಕಾರುಗಳ ಸಾಲು. ಕೆಲವು ರಾಜ್ಯಗಳಲ್ಲಿ ನಂಬರ್ ಪ್ಲೇಟಿನ ಕೊನೆಯ ಅಂಕಿ ಸಮವೋ ಬೆಸವೋ ಎಂದು ನೋಡಿ ದಿನ ಬಿಟ್ಟು ದಿನ ಪೆಟ್ರೋಲ್ ಹಾಕುವ ಪದ್ಧತಿ ಬಂದಿತ್ತು. ಹಿಂದಿನ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ಸರಬರಾಜಿಗೆ ನಿರ್ಬಂಧ ಹೇರಿದ್ದವು. ಬ್ಯಾರೆಲ್‌ಗೆ 3 ಡಾಲರಿನ ಆಸುಪಾಸಿನಲ್ಲಿದ್ದ ಕಚ್ಚಾ ತೈಲ ಕೆಲವೇ ತಿಂಗಳಲ್ಲಿ 12 ಡಾಲರಿನ ಹತ್ತಿರಕ್ಕೆ ಏರಿತು. ಜನವರಿ 2ರಂದು ಅಧ್ಯಕ್ಷ ನಿಕ್ಸನ್ ಹೆದ್ದಾರಿಗಳ ವೇಗಮಿತಿಯನ್ನು ಗಂಟೆಗೆ 55 ಮೈಲಿಗೆ, ಅಂದರೆ ಸುಮಾರು 88 ಕಿಲೋಮೀಟರಿಗೆ, ಇಳಿಸುವ ಕಾನೂನಿಗೆ ಸಹಿ ಹಾಕಿದರು.

ಪೆಟ್ರೋಲ್ ಅಗ್ಗವಾಗಿದ್ದ ಕಾಲದಲ್ಲಿ ಎಂಟು ಸಿಲಿಂಡರಿನ, ಹಡಗಿನಂಥ ಕಾರು ಮನೆಯ ಪ್ರತಿಷ್ಠೆಯ ಗುರುತಾಗಿತ್ತು. ಸಾಲಿನಲ್ಲಿ ನಿಲ್ಲುವ ಹೊತ್ತು ಬಂದಾಗ ಅಂಥ ಕಾರಿನ ಒಡೆಯರ ಕಣ್ಣು ಪಕ್ಕದ ಮನೆಯ ಸಾಧಾರಣ ಕಾರಿನ ಮೇಲೆ ಬಿತ್ತು. ಅದು ಪ್ಲಿಮತ್ ವ್ಯಾಲಿಯಂಟ್ ಅಥವಾ ಡಾಡ್ಜ್ ಡಾರ್ಟ್ ಆಗಿದ್ದರೆ ಅದರ ಬಾನೆಟ್ಟಿನ ಕೆಳಗೆ ಒಂದು ವಿಚಿತ್ರ ಎಂಜಿನ್ ಇರುವ ಸಂಭವ ಹೆಚ್ಚು. ಆರು ಸಿಲಿಂಡರುಗಳು ಒಂದೇ ಸಾಲಿನಲ್ಲಿದ್ದರೂ ಇಡೀ ಎಂಜಿನ್ ಒಂದು ಪಕ್ಕಕ್ಕೆ 30 ಡಿಗ್ರಿ ವಾಲಿಕೊಂಡಿರುತ್ತದೆ! ಅದಕ್ಕೆ ಜನ ಇಟ್ಟ ಹೆಸರು ‘ಸ್ಲ್ಯಾಂಟ್ ಸಿಕ್ಸ್’, ಅಂದರೆ ವಾಲಿದ ಆರು.

ಆ ಕಾರುಗಳ ತಯಾರಿಕೆ ಅಮೆರಿಕದಲ್ಲಿ 1976ಕ್ಕೇ ನಿಂತಿತು. ಆದರೂ ಅವುಗಳನ್ನು ದಿನನಿತ್ಯ ಓಡಿಸುವವರು ಅಲ್ಲಿ ಇಂದಿಗೂ ಇದ್ದಾರೆ. ತಂದೆಯ ಹಳೆಯ ಕಾರು ಕಾಲೇಜಿಗೆ ಹೊರಟ ಮಗನಿಗೋ ಮಗಳಿಗೋ ಬರುವುದು ಅಲ್ಲಿನ ರೂಢಿ. ಕಾರು ಬರುತ್ತದೆ, ಅದರ ಜೊತೆಗೆ ಪೆಟ್ರೋಲಿನ ಖರ್ಚೂ ಬರುತ್ತದೆ. ಮನೆಯಲ್ಲಿ ಚರ್ಚೆ ಏಳುವುದು ಆಗಲೇ: ಇದನ್ನು ಮಾರುವುದೋ, ಸರಿಪಡಿಸಿ ಇಟ್ಟುಕೊಳ್ಳುವುದೋ?

ವಾಲಿದ ಎಂಜಿನ್ನಿನ ಹುಟ್ಟು

ಕ್ರೈಸ್ಲರ್ ಕಂಪನಿ ಈ ಎಂಜಿನ್ನನ್ನು 1960ರ ಮಾದರಿಯ ಕಾರುಗಳೊಂದಿಗೆ ಹೊರತಂದಿತು. ವಾಲಿಸಿದ್ದರಿಂದ ಎತ್ತರ ಕಡಿಮೆಯಾಗಿ ಬಾನೆಟ್ಟನ್ನು ತಗ್ಗಿಸಲು ಸಾಧ್ಯವಾಯಿತು. ಇನ್ನೊಂದು ಲಾಭವೂ ದೊರೆಯಿತು. ಆರು ಸಿಲಿಂಡರುಗಳಿಗೆ ಮಧ್ಯದಲ್ಲಿರುವ ಒಂದೇ ಕಾರ್ಬ್ಯುರೇಟರಿನಿಂದ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಹಂಚಿಕೆಯಾಗಬೇಕು. ಪಂಕ್ತಿಯ ನಡುವೆ ನಿಂತು ಬಡಿಸುವವನಿಗೆ ಎರಡೂ ತುದಿಯ ಎಲೆಗಳು ದೂರವಾಗುವಂತೆ ಇಲ್ಲಿಯೂ ಒಂದನೇ ಮತ್ತು ಆರನೇ ಸಿಲಿಂಡರುಗಳು ದೂರ. ಎಂಜಿನ್ ವಾಲಿದ್ದರಿಂದ ಪಕ್ಕದಲ್ಲಿ ಜಾಗ ಸಿಕ್ಕಿ, ಹಂಚುವ ಕೊಳವೆಗಳನ್ನು ಉದ್ದವಾಗಿ, ಹೆಚ್ಚುಕಡಿಮೆ ಸಮನಾಗಿ ಮಾಡಲು ಅನುಕೂಲವಾಯಿತು.

ಹೆಚ್ಚು ಬಳಕೆಯಾದದ್ದು 225 ಘನ ಅಂಗುಲದ, ಅಂದರೆ ಸುಮಾರು 3.7 ಲೀಟರಿನ ಎಂಜಿನ್. ಇದರ ಸಿಲಿಂಡರಿನ ಅಗಲ ಸುಮಾರು 86 ಮಿಲಿಮೀಟರ್. ಪಿಸ್ಟನ್ ಓಡಾಡುವ ದೂರ ಸುಮಾರು 105 ಮಿಲಿಮೀಟರ್. ಹೀಗೆ ನಡಿಗೆ ಉದ್ದವಿರುವ ಎಂಜಿನ್ ಓಟಕ್ಕಿಂತ ಎಳೆತಕ್ಕೆ ಹೆಸರುವಾಸಿ. ಕ್ರ್ಯಾಂಕ್ ಪ್ರತಿ 120 ಡಿಗ್ರಿ ತಿರುಗಿದಾಗಲೂ ಒಂದು ಸಿಲಿಂಡರ್ ಉರಿಯುವುದರಿಂದ ನಿಧಾನವಾಗಿ ತಿರುಗುವಾಗಲೂ ಅದು ನಡುಗದೆ ಎಳೆಯುತ್ತದೆ. ಈ ಗುಣವನ್ನು ನೆನಪಿಟ್ಟುಕೊಳ್ಳಬೇಕು. ಮಿತವ್ಯಯದ ಗುಟ್ಟು ಅಲ್ಲೇ ಅಡಗಿದೆ.

ಕ್ರೈಸ್ಲರ್ ಹೆಸರಿಗೂ ಕನ್ನಡ ನಾಡಿಗೂ ಒಂದು ಹಳೆಯ ನಂಟಿದೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲೇ ಮೋಟಾರು ಕಾರು ತಯಾರಿಸುವ ಯೋಜನೆ ರೂಪಿಸಿ, ಅದರ ಅಧ್ಯಯನಕ್ಕಾಗಿ ಯುರೋಪ್, ಅಮೆರಿಕ ಸುತ್ತಿ ಬಂದಿದ್ದರು. ಆ ಕನಸಿಗೆ ಕೈಜೋಡಿಸಿದ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮುಂದೆ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಆ ಕಂಪನಿ ಕ್ರೈಸ್ಲರ್ ಒಪ್ಪಂದದ ಮೇರೆಗೆ ಡಾಡ್ಜ್, ಪ್ಲಿಮತ್ ಕಾರುಗಳನ್ನು ಇಲ್ಲಿ ಜೋಡಿಸಿತು. ನಮ್ಮ ಅಜ್ಜಂದಿರು ‘ಡಾಡ್ಜ್ ಗಾಡಿ’ ಎಂದು ನೆನೆಯುವ ಕಾರುಗಳು ಈ ವಂಶದವೇ.

ಕಂಪನಿಯೇ ಮಾಡಿ ತೋರಿಸಿದ ಪ್ರಯೋಗ

ತೈಲ ಬಿಕ್ಕಟ್ಟಿನ ಬಳಿಕ ಕ್ರೈಸ್ಲರ್ ಎಂಜಿನಿಯರುಗಳು ಇದೇ ಹಳೆಯ ಎಂಜಿನ್ನನ್ನು ಮಿತವ್ಯಯಕ್ಕಾಗಿ ಹದಗೊಳಿಸಿದರು. 1976ರಲ್ಲಿ ಬಂದ ಪ್ಲಿಮತ್ ‘ಫೆದರ್ ಡಸ್ಟರ್’ ಮತ್ತು ಡಾಡ್ಜ್ ‘ಡಾರ್ಟ್ ಲೈಟ್’ ಆ ಪ್ರಯತ್ನದ ಫಲ. ಎಂಜಿನ್ ಅದೇ 225. ಬದಲಾದದ್ದು ಸುತ್ತಲಿನ ಸಣ್ಣಪುಟ್ಟ ಸಂಗತಿಗಳು. ಕಾರ್ಬ್ಯುರೇಟರ್ ಮತ್ತು ಡಿಸ್ಟ್ರಿಬ್ಯೂಟರನ್ನು ಮಿತವ್ಯಯಕ್ಕೆ ತಕ್ಕಂತೆ ಹೊಂದಿಸಲಾಯಿತು. ಕೆಲವು ಬಿಡಿಭಾಗಗಳನ್ನು ಅಲ್ಯೂಮಿನಿಯಮ್ಮಿನಲ್ಲಿ ಮಾಡಿ 80 ಕಿಲೋಗ್ರಾಮಿಗೂ ಮಿಕ್ಕಿ ತೂಕ ಇಳಿಸಲಾಯಿತು. ಓವರ್‌ಡ್ರೈವ್ ಗೇರು ಮತ್ತು ಹಿಂದಿನ ಆಕ್ಸಲ್ಲಿನ ಹಲ್ಲುಗಳ ಅನುಪಾತದಿಂದ ಎಂಜಿನ್ ನಿಧಾನವಾಗಿ ತಿರುಗುವಂತೆ ಮಾಡಲಾಯಿತು.

ಫಲಿತಾಂಶ? ಸರ್ಕಾರಿ ಪರೀಕ್ಷೆಯಲ್ಲಿ ಹೆದ್ದಾರಿಯಲ್ಲಿ ಗ್ಯಾಲನ್ನಿಗೆ 36 ಮೈಲಿ, ಊರೊಳಗೆ 24 ಮೈಲಿ. ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 15 ಮತ್ತು 10 ಕಿಲೋಮೀಟರ್. ಆದರೆ ಅಂದಿನ ಪ್ರಯೋಗಾಲಯದ ಅಂಕಿಗಳು ರಸ್ತೆಯ ವಾಸ್ತವಕ್ಕಿಂತ ಉದಾರವಾಗಿದ್ದವು. 1985ರ ಮಾದರಿಗಳಿಂದ ಅಮೆರಿಕ ಸರ್ಕಾರ ಹೆದ್ದಾರಿ ಅಂಕಿಯಲ್ಲಿ ಶೇ. 22, ಊರೊಳಗಿನ ಅಂಕಿಯಲ್ಲಿ ಶೇ. 10 ಕಡಿತ ಮಾಡಿ ಪ್ರಕಟಿಸತೊಡಗಿತು. ಆ ಕಡಿತ ಹಾಕಿದರೆ 36 ಮೈಲಿ 28ಕ್ಕೆ ಇಳಿಯುತ್ತದೆ. ಲೀಟರಿಗೆ ಸುಮಾರು 12 ಕಿಲೋಮೀಟರ್. ಅಷ್ಟಾದರೂ 3.7 ಲೀಟರಿನ ಎಂಜಿನ್ನಿಗೆ ಅದು ಸಣ್ಣ ಸಾಧನೆಯಲ್ಲ.

ಈ ಪ್ರಯೋಗದ ಪಾಠ ಸರಳ. ಇಂಥ ಕಾರು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಹೋಗಲು 20 ಅಶ್ವಶಕ್ತಿಯ ಆಸುಪಾಸು ಸಾಕು. ಎಂಜಿನ್ನಿನ ಸಾಮರ್ಥ್ಯ 100. ಐದರಲ್ಲಿ ನಾಲ್ಕು ಪಾಲು ಶಕ್ತಿ ಸುಮ್ಮನೆ ಕುಳಿತಿರುತ್ತದೆ. ದಿನನಿತ್ಯದ ಓಡಾಟಕ್ಕೆ ಹದಗೊಳಿಸುವುದೆಂದರೆ ಈ ಐದನೆಯ ಒಂದು ಪಾಲನ್ನು ಪೋಲಿಲ್ಲದೆ ಉತ್ಪಾದಿಸುವಂತೆ ಮಾಡುವುದು.

ಮೊದಲು ಪುಸ್ತಕ, ಆಮೇಲೆ ಸ್ಪ್ಯಾನರ್

ಬಾನೆಟ್ ಎತ್ತುವ ಮೊದಲು ಒಂದು ನೋಟ್‌ಬುಕ್ ಬೇಕು. ಟ್ಯಾಂಕ್ ಪೂರ್ತಿ ತುಂಬಿಸಿ ಓಡೋಮೀಟರ್ ಬರೆದಿಡುವುದು. ಮುಂದಿನ ಸಲ ಅದೇ ಬಂಕಿನಲ್ಲಿ, ಅದೇ ಮಟ್ಟಕ್ಕೆ ತುಂಬಿಸಿ ಎಷ್ಟು ಹಿಡಿಸಿತು ಎಂದು ಬರೆಯುವುದು. ಒಂದು ಸಲದ ಲೆಕ್ಕವನ್ನು ನಂಬುವಂತಿಲ್ಲ. ಮೂರು ನಾಲ್ಕು ಟ್ಯಾಂಕುಗಳ ಸರಾಸರಿಯೇ ಆಧಾರ.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದು, ಅಳೆಯುವ ಉಪಕರಣವನ್ನೇ ಅಳೆಯುವುದು. ಹಳೆಯ ಕಾರಿಗೆ ಬೇರೆ ಅಳತೆಯ ಟೈರು ಹಾಕಿದ್ದರೆ ಓಡೋಮೀಟರ್ ಸುಳ್ಳು ಹೇಳುತ್ತದೆ. ಅಮೆರಿಕದ ಅಂತರರಾಜ್ಯ ಹೆದ್ದಾರಿಗಳಲ್ಲಿ ಮೈಲಿಗೊಂದು ಫಲಕವಿರುತ್ತದೆ. ಫಲಕಗಳ ಪ್ರಕಾರ 96 ಮೈಲಿ ಆದಾಗ ಓಡೋಮೀಟರ್ 100 ತೋರಿಸಿದರೆ ಆ ಮೈಲೇಜಿನಲ್ಲಿ ನೂರಕ್ಕೆ ನಾಲ್ಕರಷ್ಟು ಪೊಳ್ಳು.

ಎರಡನೆಯದು, ಲೆಕ್ಕದ ಒಂದು ಮೋಸ. ಲೀಟರಿಗೆ 7ರಿಂದ 8.5ಕ್ಕೆ ಏರಿದ ಕಾರು ಹೆಚ್ಚು ಉಳಿಸುತ್ತದೋ, 8.5ರಿಂದ 10ಕ್ಕೆ ಏರಿದ್ದೋ? ಎರಡರಲ್ಲೂ ಏರಿಕೆ ಒಂದೂವರೆ. ಆದರೆ ಸಾವಿರ ಕಿಲೋಮೀಟರಿಗೆ ಬೇಕಾದ ಪೆಟ್ರೋಲ್ ಮೊದಲ ಕಾರಿನಲ್ಲಿ 143ರಿಂದ 118 ಲೀಟರಿಗೆ ಇಳಿಯುತ್ತದೆ, ಉಳಿತಾಯ 25 ಲೀಟರ್. ಎರಡನೆಯದರಲ್ಲಿ 118ರಿಂದ 100ಕ್ಕೆ, ಉಳಿತಾಯ ಕೇವಲ 18. ತೀರಾ ಹದಗೆಟ್ಟ ಕಾರಿನಲ್ಲಿ ಮಾಡುವ ಮೊದಲ ಸುಧಾರಣೆಗೇ ಹೆಚ್ಚು ಬೆಲೆ. ಹೀಗಾಗಿ ಎಲ್ಲಕ್ಕಿಂತ ಮೊದಲು ಹುಡುಕಬೇಕಾದದ್ದು ಕೆಟ್ಟದ್ದನ್ನು; ಹೊಸದನ್ನು ತಂದು ಜೋಡಿಸುವುದು ಆಮೇಲಿನ ಮಾತು.

ಒಂದೊಂದೇ ಹೆಜ್ಜೆ

ಕೆಲಸಕ್ಕೊಂದು ಕ್ರಮವಿದೆ. ಮೊದಲಿಗೆ ಗಾಲಿಗಳು. ಕಾರನ್ನು ಜಾಕ್ ಕೊಟ್ಟು ಎತ್ತಿ, ಗಟ್ಟಿಯಾದ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಗಾಲಿಯನ್ನು ಕೈಯಿಂದ ತಿರುಗಿಸಿದರೆ ಸಲೀಸಾಗಿ ತಿರುಗಬೇಕು. ಬ್ರೇಕ್ ಕಚ್ಚಿಕೊಂಡಿದ್ದರೆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಪೆಟ್ರೋಲು ಬಿಸಿಯಾಗಿ ಹೋಗುತ್ತದೆ. ಟೈರಿನ ಗಾಳಿಯಿಂದ ಬರುವ ಉಳಿತಾಯ ಜನ ತಿಳಿದಷ್ಟು ದೊಡ್ಡದಲ್ಲ. ನಾಲ್ಕೂ ಟೈರಿನಲ್ಲಿ ಒಂದು ಪೌಂಡ್ ಒತ್ತಡ ಕಡಿಮೆಯಾದರೆ ಪೆಟ್ರೋಲ್ ಖರ್ಚು ಹೆಚ್ಚುವುದು ಸುಮಾರು ಶೇ. 0.2. ಆದರೂ ಟೈರಿನ ಆಯಸ್ಸಿಗೆ, ಪ್ರಯಾಣಿಕರ ಸುರಕ್ಷತೆಗೆ ಅದು ಅಗತ್ಯ.

ಎರಡನೆಯದು ಉಸಿರಾಟ. ಏರ್ ಫಿಲ್ಟರ್ ಕಟ್ಟಿಕೊಂಡರೆ ಇಂದಿನ ಫ್ಯೂಯಲ್ ಇಂಜೆಕ್ಷನ್ ಕಾರುಗಳ ಮೈಲೇಜಿಗೆ ಹೆಚ್ಚಿನ ಧಕ್ಕೆಯಿಲ್ಲ, ಏಕೆಂದರೆ ಅಲ್ಲಿನ ಕಂಪ್ಯೂಟರ್ ಗಾಳಿ ಅಳೆದು ಪೆಟ್ರೋಲ್ ಕಡಿಮೆ ಮಾಡುತ್ತದೆ. ಕಾರ್ಬ್ಯುರೇಟರಿಗೆ ಆ ಜಾಣ್ಮೆಯಿಲ್ಲ. ಹಳೆಯ ಕಾರಿನಲ್ಲಿ ಫಿಲ್ಟರ್ ಬದಲಿಸಿದರೆ ಶೇ. 2ರಿಂದ 6ರವರೆಗೆ ಉಳಿತಾಯವಾಗಬಹುದು.

ಮೂರನೆಯದು ಟ್ಯಾಪೆಟ್ ಸಂದು. 1980ರವರೆಗಿನ ಸ್ಲ್ಯಾಂಟ್ ಸಿಕ್ಸ್‌ನಲ್ಲಿ ಇದನ್ನು ಕೈಯಿಂದಲೇ ಹೊಂದಿಸಬೇಕು. ಎಂಜಿನ್ ಬಿಸಿಯಾಗಿರುವಾಗ ಒಳಸೇರುವ ವಾಲ್ವಿಗೆ 0.25 ಮಿಲಿಮೀಟರ್, ಹೊಗೆ ಹೋಗುವ ವಾಲ್ವಿಗೆ 0.5 ಮಿಲಿಮೀಟರ್ ಸಂದು. ಫೀಲರ್ ಗೇಜಿನ ತೆಳು ತಗಡು ಸ್ವಲ್ಪ ಎಳೆತದೊಡನೆ ಜಾರಬೇಕು. ವಾಲ್ವ್ ತನ್ನ ಬಿಸಿಯನ್ನು ಕಳೆದುಕೊಳ್ಳುವುದು ಪೀಠದ ಮೇಲೆ ಕುಳಿತಾಗ. ಸಂದು ಸಾಲದೆ ಅದು ಪೂರ್ತಿ ಮುಚ್ಚದಿದ್ದರೆ ಅನಿಲ ಸೋರುತ್ತದೆ, ವಾಲ್ವ್ ಸುಟ್ಟುಹೋಗುತ್ತದೆ. ಟ್ಯಾಪೆಟ್ಟಿನ ಟಿಕ್‌ಟಿಕ್ ಸದ್ದು ನಿಲ್ಲಿಸಲು ಬಿಗಿ ಮಾಡುವವರು ಮೌನವನ್ನು ಬಲು ದುಬಾರಿ ಬೆಲೆಗೆ ಕೊಂಡಂತೆ.

ನಾಲ್ಕನೆಯದು ಕಿಡಿ. ಆರೂ ಪ್ಲಗ್ಗುಗಳನ್ನು ಬಿಚ್ಚಿ ಕ್ರಮವಾಗಿ ಸಾಲಾಗಿ ಇಟ್ಟರೆ ಅದು ಎಂಜಿನ್ನಿನ ಅಂಕಪಟ್ಟಿಯಿದ್ದಂತೆ. ತಿಳಿ ಕಂದು ಬಣ್ಣವಿದ್ದರೆ ಆರೋಗ್ಯ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲು ಹೆಚ್ಚಾಗಿದೆ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲು ಸಾಲದೆ ಬಿಸಿ ಏರಿದೆ. ಎರಡೂ ತುದಿಯ ಪ್ಲಗ್ಗುಗಳು ಮಾತ್ರ ಬೇರೆ ಬಣ್ಣಕ್ಕಿದ್ದರೆ ದೋಷ ಹಂಚಿಕೆಯಲ್ಲಿದೆ. ಪ್ಲಗ್ಗಿನ ಸಂದು 0.9 ಮಿಲಿಮೀಟರ್. 1973ಕ್ಕಿಂತ ಹಿಂದಿನ ಕಾರಾದರೆ ಡಿಸ್ಟ್ರಿಬ್ಯೂಟರಿನ ಕಾಂಟಾಕ್ಟ್ ಪಾಯಿಂಟುಗಳನ್ನೂ ನೋಡಬೇಕು. ಆ ವರ್ಷದಿಂದ ಕ್ರೈಸ್ಲರ್ ಎಲೆಕ್ಟ್ರಾನಿಕ್ ಇಗ್ನಿಷನ್ನನ್ನು ಎಲ್ಲ ಕಾರುಗಳಿಗೂ ಅಳವಡಿಸಿತು.

ಅನೇಕರು ಮರೆಯುವ ಭಾಗವೊಂದಿದೆ. ಡಿಸ್ಟ್ರಿಬ್ಯೂಟರಿನ ಪಕ್ಕದಲ್ಲಿರುವ ಪುಟ್ಟ ತಗಡಿನ ಡಬ್ಬಿ, ವ್ಯಾಕ್ಯೂಮ್ ಅಡ್ವಾನ್ಸ್. ಆಕ್ಸಿಲರೇಟರನ್ನು ಹಗುರವಾಗಿ ಒತ್ತಿದಾಗ ಸಿಲಿಂಡರಿಗೆ ಹೋಗುವ ಮಿಶ್ರಣ ವಿರಳ. ವಿರಳ ಮಿಶ್ರಣ ನಿಧಾನವಾಗಿ ಉರಿಯುವುದರಿಂದ ಕಿಡಿಯನ್ನು ಇನ್ನಷ್ಟು ಮುಂಚಿತವಾಗಿ ಕೊಡಬೇಕು. ಈ ಡಬ್ಬಿಯೊಳಗಿನ ರಬ್ಬರ್ ಪೊರೆ ಆ ಕೆಲಸ ಮಾಡುತ್ತದೆ. ಪೊರೆ ಹರಿದರೂ ಕಾರು ಓಡುತ್ತದೆ, ಯಾರಿಗೂ ತಿಳಿಯುವುದಿಲ್ಲ. ಪೆಟ್ರೋಲು ಮಾತ್ರ ಹೆಚ್ಚು ಕುಡಿಯುತ್ತದೆ. ಕೊಳವೆಯನ್ನು ಬಿಚ್ಚಿ ಬಾಯಿಂದ ಹೀರಿದರೆ ಪೊರೆ ಒತ್ತಡ ಹಿಡಿದಿಡುತ್ತದೆಯೇ ಎಂದು ಅರೆನಿಮಿಷದಲ್ಲಿ ತಿಳಿಯುತ್ತದೆ.

ಐದನೆಯದು ಬಿಸಿ. ಎಂಜಿನ್ ತನ್ನ ಕಾವಿಗೆ ಬರದಿದ್ದರೆ ಪೆಟ್ರೋಲು ಪೂರ್ತಿ ಆವಿಯಾಗದು. ಥರ್ಮೋಸ್ಟ್ಯಾಟ್ ತೆರೆದೇ ನಿಂತಿದ್ದರೆ, ಚೋಕ್ ಪೂರ್ತಿ ಬಿಡದಿದ್ದರೆ, ಹೊಗೆ ಕೊಳವೆಯಲ್ಲಿ ಕಾರ್ಬ್ಯುರೇಟರಿನ ತಳಕ್ಕೆ ಬಿಸಿ ಕೊಡುವ ಕದ ತುಕ್ಕು ಹಿಡಿದು ಅಲುಗದಿದ್ದರೆ ನಿತ್ಯದ ಗಿಡ್ಡ ಪಯಣಗಳಲ್ಲಿ ಮೈಲೇಜ್ ಕುಸಿಯುತ್ತದೆ. ತುದಿಯ ಸಿಲಿಂಡರುಗಳಿಗೆ ಸಮಪಾಲು ಸಿಗದಿರಲು ಆ ಕದವೂ ಒಂದು ಕಾರಣ.

ಕಾರ್ಬ್ಯುರೇಟರ್ ಕೊನೆಗೆ

ಇಷ್ಟೆಲ್ಲ ಆದ ಮೇಲೆ ಕಾರ್ಬ್ಯುರೇಟರಿಗೆ ಕೈ ಹಾಕಬೇಕು. ಬಹುಮಂದಿ ಮಾಡುವುದು ಇದಕ್ಕೆ ತದ್ವಿರುದ್ಧ. ಮೊದಲ ದಿನವೇ ಸ್ಕ್ರೂಡ್ರೈವರ್ ಹಿಡಿದು ಐಡ್ಲಿಂಗ್ ಸ್ಕ್ರೂ ತಿರುಗಿಸುತ್ತಾರೆ. ಆ ಸ್ಕ್ರೂ ನಿಯಂತ್ರಿಸುವುದು ಕಾರು ನಿಂತಿದ್ದಾಗಿನ ಮಿಶ್ರಣವನ್ನು. ರಸ್ತೆಯಲ್ಲಿ ಓಡುವಾಗ ಪೆಟ್ರೋಲು ಬರುವುದು ಮುಖ್ಯ ಜೆಟ್ಟಿನಿಂದ. ಅದರ ಪ್ರಮಾಣ ನಿರ್ಧಾರವಾಗುವುದು ಜೆಟ್ಟಿನ ರಂಧ್ರ ಮತ್ತು ಒಳಗಿನ ತೇಲುವ ಬುರುಡೆಯ ಮಟ್ಟದಿಂದ. ಬುರುಡೆ ಸ್ವಲ್ಪ ಮೇಲಿದ್ದರೂ ದಿನವಿಡೀ ಪೆಟ್ರೋಲು ಹೆಚ್ಚು ಹೋಗುತ್ತಲೇ ಇರುತ್ತದೆ.

ಹಾಗಾದರೆ ಸಣ್ಣ ಜೆಟ್ ಹಾಕಿ ಇನ್ನಷ್ಟು ಉಳಿಸಬಹುದಲ್ಲವೇ? ಎಚ್ಚರ ಬೇಕಾದದ್ದು ಇಲ್ಲಿಯೇ. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಸ್ವಲ್ಪ ಹೆಚ್ಚಿದ್ದರೆ ಮಿತವ್ಯಯ. ತೀರಾ ಹೆಚ್ಚಾದರೆ ಎಂಜಿನ್ ಜಗ್ಗುತ್ತದೆ, ಕಿಡಿ ತಪ್ಪುತ್ತದೆ, ಬಿಸಿ ಏರಿ ವಾಲ್ವುಗಳು ಹಾಳಾಗುತ್ತವೆ. ನಡುವಿನ ನಾಲ್ಕು ಸಿಲಿಂಡರುಗಳಿಗೆ ಹಿತವಾದ ಮಿಶ್ರಣ ತುದಿಯ ಎರಡಕ್ಕೆ ಉಪವಾಸವಾಗಬಹುದು. ಇಗ್ನಿಷನ್ ಟೈಮಿಂಗನ್ನು ಮಿತಿಮೀರಿ ಮುಂದಿಟ್ಟರೆ ಏರು ಹತ್ತುವಾಗ ಕಟಕಟ ಸದ್ದು ಕೇಳಿಸುತ್ತದೆ. ಅದು ಪಿಸ್ಟನ್ನಿಗೆ ಬೀಳುವ ಪೆಟ್ಟು. ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ಕಂಪನಿ ಅಚ್ಚು ಹಾಕಿದ ಅಂಕಿಯೇ ಆರಂಭದ ಬಿಂದು.

ಅಮೆರಿಕದಲ್ಲಿ ಇಂದು ಸಿಗುವ ಬಹುಪಾಲು ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥನಾಲ್ ಇರುತ್ತದೆ. ಅದರಿಂದ ಶಕ್ತಿ ನೂರಕ್ಕೆ ಮೂರರಷ್ಟು ಕಡಿಮೆ. ಮೈಲೇಜಿನಲ್ಲಿ ಅಷ್ಟು ಇಳಿಕೆ ಕಂಡರೆ ಎಂಜಿನ್ನನ್ನು ದೂರಬೇಕಿಲ್ಲ. ಆದರೆ ಹಳೆಯ ರಬ್ಬರ್ ಕೊಳವೆಗಳು ಎಥನಾಲಿಗೆ ಮೆತ್ತಗಾಗಿ ಸೋರಬಹುದು. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಬೆಂಕಿ. ಮೈಲೇಜಿನ ಮಾತಿಗೆ ಮುಂಚೆ ಈ ಕೊಳವೆಗಳನ್ನು ಬದಲಿಸಬೇಕು. ಮುಚ್ಚಿದ ಗ್ಯಾರೇಜಿನೊಳಗೆ ಎಂಜಿನ್ ಚಾಲೂ ಮಾಡಿ ಕೆಲಸ ಮಾಡುವುದಂತೂ ಪ್ರಾಣಕ್ಕೇ ಅಪಾಯ. ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಕಾಲಿನ ಟ್ಯೂನಿಂಗ್

ಎಂಜಿನ್ ಹದವಾದ ಮೇಲೆ ಉಳಿಯುವುದು ಓಡಿಸುವವರ ಬಲಗಾಲು. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 55 ಮೈಲಿಯ ಬದಲು 70 ಮೈಲಿ ವೇಗದಲ್ಲಿ ಹೋದರೆ ಪ್ರತಿರೋಧ ಸುಮಾರು 1.6 ಪಟ್ಟು. ಜೋರಾಗಿ ನುಗ್ಗಿ ಜೋರಾಗಿ ಬ್ರೇಕ್ ಹಾಕುವ ಚಾಲನೆಯಿಂದ ಹೆದ್ದಾರಿಯಲ್ಲಿ ಮೈಲೇಜ್ ಶೇ. 15ರಿಂದ 30ರವರೆಗೆ ಇಳಿಯಬಹುದೆಂದು ಅಮೆರಿಕ ಸರ್ಕಾರದ ಇಂಧನ ಮಾಹಿತಿ ಹೇಳುತ್ತದೆ. ಮೇಲೆ ಹೇಳಿದ ಯಾವ ರಿಪೇರಿಯಿಂದಲೂ ಇಷ್ಟು ಉಳಿತಾಯ ಸುಲಭವಲ್ಲ. ನಿಧಾನವಾಗಿ ತಿರುಗುವಾಗಲೂ ಎಳೆಯುವ ಈ ಎಂಜಿನ್ನಿನಲ್ಲಿ ಬೇಗ ಮೇಲಿನ ಗೇರಿಗೆ ಹೋಗಿ ಸಮವೇಗದಲ್ಲಿ ಸಾಗುವುದೇ ಜಾಣತನ.

ಇದನ್ನೆಲ್ಲ ಬಿಟ್ಟು ಪೇಟೆಯಲ್ಲಿ ಸಿಗುವ ಅಯಸ್ಕಾಂತ, ಮಾತ್ರೆ, ಗಾಳಿಯನ್ನು ಸುಳಿಯಾಗಿಸುವ ಬಿಲ್ಲೆಗಳನ್ನು ಕೊಳ್ಳುವವರೂ ಇದ್ದಾರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಗಣನೀಯ ಉಳಿತಾಯ ಕೊಟ್ಟದ್ದು ಬಹುಮಟ್ಟಿಗೆ ಯಾವುದೂ ಇಲ್ಲ. ಕೆಲವು ಎಂಜಿನ್ನಿಗೇ ಹಾನಿ ಮಾಡುವಂಥವು.

ಇಟ್ಟುಕೊಳ್ಳುವುದೋ, ಬಿಡುವುದೋ?

ಈಗ ಮತ್ತೆ ಮನೆಯ ಚರ್ಚೆಗೆ ಬರೋಣ. ಎಷ್ಟೇ ಹದಗೊಳಿಸಿದರೂ ಹಳೆಯ ಸ್ಲ್ಯಾಂಟ್ ಸಿಕ್ಸ್ ಕಾರು ಇಂದಿನ ಸಣ್ಣ ಕಾರಿನ ಮೈಲೇಜ್ ಕೊಡಲಾರದು. ಅದರಲ್ಲಿ ಏರ್‌ಬ್ಯಾಗ್ ಇಲ್ಲ, ಆ್ಯಂಟಿಲಾಕ್ ಬ್ರೇಕ್ ಇಲ್ಲ. ಮಗ ಅಥವಾ ಮಗಳು ದಿನವೂ ಹೆದ್ದಾರಿಯಲ್ಲಿ ದೂರ ಹೋಗಬೇಕೆಂದರೆ ಪೆಟ್ರೋಲಿನ ಲೆಕ್ಕಕ್ಕಿಂತ ಈ ಲೆಕ್ಕ ದೊಡ್ಡದು. ತಂದೆತಾಯಿ ಕಾರನ್ನು ಬಿಟ್ಟುಕೊಡುವುದೇ ಸರಿ. ಊರೊಳಗೆ ನಾಲ್ಕಾರು ಮೈಲಿಯ ಓಡಾಟವಷ್ಟೇ ಇದ್ದರೆ, ಬ್ರೇಕು, ಸ್ಟಿಯರಿಂಗು, ಸೀಟ್‌ಬೆಲ್ಟು ಸುಸ್ಥಿತಿಯಲ್ಲಿದ್ದರೆ, ಹೊಸ ಕಾರಿನ ಸಾಲದ ಕಂತಿಗಿಂತ ಒಂದು ಫೀಲರ್ ಗೇಜ್, ಆರು ಪ್ಲಗ್ಗು, ಒಂದು ಫಿಲ್ಟರ್ ಅಗ್ಗ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು, ಮತ್ತೆ ಅಳೆಯಬೇಕು, ಫಲ ಬಂದರೂ ಬಾರದಿದ್ದರೂ ಬರೆದಿಡಬೇಕು. ಐದು ಬದಲಾವಣೆಗಳನ್ನು ಒಟ್ಟಿಗೆ ಮಾಡಿದವನಿಗೆ ಯಾವುದು ಕೆಲಸ ಮಾಡಿತು ಎಂಬುದು ತಿಳಿಯುವುದೇ ಇಲ್ಲ. ಪ್ರಯೋಗಾಲಯದ ಈ ಶಿಸ್ತನ್ನು ಕಲಿಯಲು ಆರು ಸಿಲಿಂಡರಿನ ಕಾರೇ ಆಗಬೇಕೆಂದಿಲ್ಲ. ಮನೆಯ ಅಂಗಳದಲ್ಲಿ ನಿಂತಿರುವ ಹಳೆಯ ಸ್ಕೂಟರಿಗೂ ಒಂದು ಪ್ಲಗ್, ಒಂದು ಏರ್ ಫಿಲ್ಟರ್, ಎರಡು ಟೈರುಗಳಿವೆ. ಮುಂದಿನ ಸಲ ಅದಕ್ಕೆ ಟ್ಯಾಂಕ್ ತುಂಬಿಸುವಾಗ ಮಕ್ಕಳ ಕೈಗೆ ಒಂದು ನೋಟ್‌ಬುಕ್ ಕೊಟ್ಟು ಮೊದಲ ಅಂಕಿ ಬರೆಸಬಹುದು.